ಫೈಬರ್ ದೋಣಿಯೊಳಗಿನ ಮರ

ಮಲ್ಪೆ ಬಂದರಿನಿಂದ ಸ್ವಲ್ಪ ಆಚೆ, ಹೊಳೆಯ ದಡದ ತೆಂಗಿನ ತೋಟದಲ್ಲಿ ಇಪ್ಪತ್ತು ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು ದಿಮ್ಮಿಗಳ ಮೇಲೆ ಎತ್ತಿ ಇಟ್ಟಿದ್ದಾರೆ. ಮಾತಾಡುವವರು ಇಬ್ಬರು. ಒಬ್ಬ ಈ ದೋಣಿಯನ್ನು ಈಚೆಗೆ ಕೊಂಡ ಹುಡುಗ, ಇನ್ನೊಬ್ಬರು ಫೈಬರ್ ಕೆಲಸದಲ್ಲೇ ಕೂದಲು ನರೆತ ಮೇಸ್ತ್ರಿ. ಜನವರಿ ತಿಂಗಳು.

– ಅಣ್ಣ, ಹೊರಗಿನಿಂದ ಎರಡು ಪದರ ಫೈಬರ್ ಮ್ಯಾಟ್ ಹೊಡೆದು ಪೇಂಟ್ ಮಾಡಿದರೆ ಸಾಕಾಗ್ಲಿಕ್ಕಿಲ್ವಾ? ಬಿರುಕು ಇರುವುದು ಇಷ್ಟೇ, ಬೆರಳುದ್ದ.

– ಬಿರುಕಿನ ಉದ್ದ ಬಿಡು, ಅದು ಎಲ್ಲಿ ಬಂದಿದೆ ಅಂತ ನೋಡು. ಇಂಜಿನ್ ಕೂರಿಸ್ಲಿಕ್ಕೆ ಹಿಂದಿನ ಹಲಗೆಯನ್ನು ತಗ್ಗು ಮಾಡಿ ಕೊಯ್ದಿದ್ದಾರಲ್ಲ, ಆ ತಗ್ಗಿನ ಮೂಲೆಯಲ್ಲಿ. ಆ ಕಡೆಯ ಮೂಲೆಯಲ್ಲೂ ಉಂಟು. ಕಲ್ಲಿಗೆ ತಾಗಿದ ಬಿರುಕು ಹೀಗೆ ಜೋಡಿಯಾಗಿ ಬರುವುದಿಲ್ಲ. ಇಂಜಿನಿನ ಕಾಲು ಹಿಡಿದು ಮೇಲೆ ಕೆಳಗೆ ಒಮ್ಮೆ ಒತ್ತು ನೋಡುವ.

– ಒತ್ತಿದೆ. ಇಂಜಿನ್ ಗಟ್ಟಿ ಉಂಟು.

– ಇಂಜಿನ್ ನೋಡ್ಬೇಡ ಮಾರಾಯ, ಹಲಗೆ ನೋಡು.

– ಅಯ್ಯೋ, ಹಲಗೆಯೇ ಅಲುಗ್ತದೆ!

– ಅಷ್ಟೇ ವಿಷಯ. ನಲವತ್ತು ಕಿಲೋ ಆಸುಪಾಸಿನ ಇಂಜಿನ್ ಸುಮ್ಮನೆ ನೇತಾಡುವುದಕ್ಕೆ ಹಲಗೆಗೆ ಏನೂ ಆಗುವುದಿಲ್ಲ. ಅಳಿವೆ ಬಾಗಿಲಲ್ಲಿ ದೋಣಿ ಅಲೆ ಹತ್ತಿ ಇಳಿಯುವಾಗ ಅದರ ಉದ್ದ ಕಾಲು ಸನ್ನೆ ಹಾಕ್ತದೆ. ಒಳಗಿನ ಮರ ಬಲ ಬಿಟ್ಟಿದೆ, ಹಾಗಾಗಿ ಹೊರಗಿನ ಫೈಬರೇ ಎಲ್ಲ ಹೊರಬೇಕು. ಮಣಿದು ಮಣಿದು ಮೂಲೆಯಲ್ಲಿ ಒಡೆದದ್ದು. ಅದರ ಮೇಲೆ ಇನ್ನೆರಡು ಪದರ ಹೊಡೆದರೆ ಹುಳುಕು ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ. ಮೇಲೆ ಚಂದ, ಒಳಗೆ ಹುಳುಕು ಅದರ ಪಾಡಿಗೆ ಅದು ಮುಂದುವರಿತದೆ.

– ಕೊಡುವಾಗ ಪೂರ್ತಿ ಫೈಬರ್, ಏನೂ ಆಗುವುದಿಲ್ಲ ಅಂತ ಹೇಳಿ ಕೊಟ್ಟಿದ್ರು.

– ಪೂರ್ತಿ ಫೈಬರ್ ದೋಣಿ ಇಲ್ಲವೇ ಇಲ್ಲ ಅಂತಲ್ಲ. ಆದರೆ ಹಳೆಯದರಲ್ಲಿ ಹುಡುಕಿದರೂ ಸಿಗುವುದು ಕಡಿಮೆ. ಫೈಬರ್ ಗಟ್ಟಿ ಹೌದು, ಬಿಗಿ ಅಲ್ಲ. ತೆಳುವಾಗಿ ಹೊಡೆದರೆ ಬಳುಕ್ತದೆ. ಬಳುಕದಷ್ಟು ದಪ್ಪ ಹೊಡೆದರೆ ರೆಸಿನಿನ ದುಡ್ಡಿಗೆ ಇನ್ನೊಂದು ದೋಣಿ ಬರ್ತದೆ. ಅದಕ್ಕೇ ಬಿಗಿ ಬೇಕಾದಲ್ಲಿ ಒಳಗೆ ಮರ ಇಡುವುದು. ಇಂಜಿನ್ ಹಲಗೆ, ತಳದ ಉದ್ದ ಪಟ್ಟಿಗಳು, ನಾವು ನಿಲ್ಲುವ ಅಟ್ಟಣೆ, ಕೂರುವ ಅಡ್ಡ ಹಲಗೆ, ಎಲ್ಲದರ ಹೊಟ್ಟೆಯಲ್ಲೂ ಪ್ಲೈವುಡ್. ಇದು ನಮ್ಮೂರಿನ ಕಂಜೂಸಿ ಅಂತ ತಿಳ್ಕೊಳ್ಬೇಡ. ಅಮೆರಿಕದಲ್ಲಿ 1940ರ ದಶಕದಲ್ಲಿ ಪಾಲಿಯೆಸ್ಟರ್ ರೆಸಿನ್ ಮತ್ತು ಗಾಜಿನ ನಾರು ಸೇರಿಸಿ ದೋಣಿ ಮಾಡ್ಲಿಕ್ಕೆ ಶುರುಮಾಡಿದ್ರು. ಅಲ್ಲಿಯ 1960, 70ರ ದೋಣಿಗಳ ಹೊಟ್ಟೆಯಲ್ಲೂ ಇದೇ ಪ್ಲೈವುಡ್, ಡೆಕ್ಕಿನೊಳಗೆ ಬಾಲ್ಸಾ ಮರ. ಅಲ್ಲಿಯವರೂ ಈಗ ನಿನ್ನ ಹಾಗೇ ಹಲಗೆ ಅಲುಗಿಸಿ ನೋಡ್ತಾ ಕೂತಿದ್ದಾರೆ.

– ಸಮುದ್ರದ ನೀರಿನಲ್ಲೇ ಇದ್ದು ಇದ್ದು ಕೊಳೆತದ್ದಾಗಿರಬೇಕು.

– ಸಮುದ್ರಕ್ಕೆ ಸುಮ್ಮನೆ ದೂರು ಹಾಕ್ಬೇಡ. ಮರ ಕೊಳೆಯುವುದು ನೀರಿನಿಂದ ಅಲ್ಲ, ಅಣಬೆ ಜಾತಿಯ ಬೂಷ್ಟಿನಿಂದ. ಆ ಬೂಷ್ಟಿಗೆ ಬೇಕಾದ್ದು ಗಾಳಿ, ಬೆಚ್ಚಗೆ, ಮತ್ತೆ ಪಸೆ. ಮರದಲ್ಲಿ ಅದರ ಒಣ ತೂಕದ ನೂರಕ್ಕೆ 20 ಪಾಲಿಗಿಂತ ಕಡಿಮೆ ನೀರಿದ್ದರೆ ಅದು ಬೆಳೆಯುವುದಿಲ್ಲ. ಪೂರ್ತಿ ಮುಳುಗಿದ್ದರೂ ಬೆಳೆಯುವುದಿಲ್ಲ, ಗಾಳಿ ಸಾಕಾಗುವುದಿಲ್ಲ. ಉಪ್ಪು ಅದಕ್ಕೆ ಆಗಿಬರುವುದಿಲ್ಲ, ಸಿಹಿನೀರು ಅಂದರೆ ಹಬ್ಬ. ಈಗ ನೀನೇ ಹೇಳು, ನಮ್ಮ ಊರಲ್ಲಿ ದೋಣಿಯೊಳಗೆ ಸಿಹಿನೀರು ಹೊಯ್ಯುವವರು ಯಾರು?

– ಮಳೆ.

– ಹೌದು. ಉಡುಪಿ ಕಡೆ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಬೀಳ್ತದೆ. ಹಿಂದಿನ ಮರದ ದೋಣಿಗಳನ್ನು ನೋಡಿದವರಿಗೆ ಇದು ಗೊತ್ತು. ನೀರಿನೊಳಗಿನ ಹಲಗೆ ಗಟ್ಟಿಯೇ ಇರ್ತಿತ್ತು, ಕೊಳೆಯುವುದು ಮೇಲಿನ ಅಂಚು, ಮಳೆನೀರು ನಿಲ್ಲುವ ಮೂಲೆ. ನೀರಿನ ಕೆಳಗಿನ ಶತ್ರು ಬೇರೆ, ಕೊರೆಹುಳ. ಹುಳ ಅಂತ ಕರೆಯುವುದು, ಜಾತಿಯಲ್ಲಿ ಅದು ಚಿಪ್ಪುಮೀನಿನ ಬಳಗ. ಅದಕ್ಕೆ ಗೇರೆಣ್ಣೆ ಬಳೀತಿದ್ರು. ಆಮೇಲೆ ಮರದ ಮೇಲೆ ಫೈಬರ್ ಹೊದಿಸುವುದು ಬಂತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಇದರ ಮೇಲೆ ತುಂಬ ಕೆಲಸ ಮಾಡಿದ್ದಾರೆ. ಫೈಬರ್ ಬಂದ ಮೇಲೆ ಕೊರೆಹುಳದ ಕಾಟ ತಪ್ಪಿತು. ಆದರೆ ಮೊದಲು ಮರ ಒದ್ದೆಯಾದರೆ ಬಿಸಿಲಿಗೆ ಒಣಗ್ತಿತ್ತು. ಈಗ ಫೈಬರಿನ ಒಳಗೆ ಹೊಕ್ಕ ನೀರಿಗೆ ಹೊರಗೆ ಬರುವ ದಾರಿಯೇ ಇಲ್ಲ.

– ಸುತ್ತ ಫೈಬರ್ ಇರುವಾಗ ಒಳಗೆ ಹೋಗುವುದಾದರೂ ಹೇಗೆ?

– ನಾವೇ ದಾರಿ ಮಾಡಿ ಕೊಡುವುದು. ಎಣಿಸುವ ಬಾ. ಇಂಜಿನ್ ಬೋಲ್ಟಿನ ತೂತು ಇಲ್ಲಿ. ನೀರು ಬಿಡುವ ಬಿರಡೆಯ ತೂತು ಕೆಳಗೆ, ಅದರ ಹಿತ್ತಾಳೆ ಕೊಳವೆ ಸಡಿಲ ಆಗಿದೆ. ಇದು ಫಿಶ್ ಫೈಂಡರಿನ ಸೆನ್ಸರ್ ಕೂರಿಸಿದ್ದ ಸ್ಕ್ರೂ, ಸೆನ್ಸರ್ ತೆಗೆದಿದ್ದಾರೆ, ತೂತು ಹಾಗೇ ಉಂಟು. ಮೇಲಿನ ಅಂಚಿನಲ್ಲಿ ಅಲ್ಯೂಮಿನಿಯಂ ಪಟ್ಟಿ ಕೂರಿಸ್ಲಿಕ್ಕೆ ಹೊಡೆದ ಸಾಲು ಸ್ಕ್ರೂಗಳು. ಒಂದಕ್ಕಾದರೂ ಸೀಲೆಂಟ್ ಹಾಕಿದ ಗುರುತು ಉಂಟಾ? ಪ್ಲೈವುಡ್ಡಿನ ಅಂಚು ನೀರನ್ನು ಎಳೆದುಕೊಳ್ಳುವುದರಲ್ಲಿ ಬತ್ತಿಯನ್ನೂ ಮೀರಿಸ್ತದೆ. ಒಂದು ಸ್ಕ್ರೂ ಸಾಕು.

– ಹಾಗಾದರೆ ಎಷ್ಟು ದೂರ ಕೊಳೆತಿದೆ ಅಂತ ತಿಳಿಯುವುದು ಹೇಗೆ? ಎಲ್ಲ ಒಡೆದು ನೋಡಬೇಕಾ?

– ಮೊದಲು ಸುತ್ತಿಗೆಯ ಹಿಡಿಯಲ್ಲಿ ತಟ್ಟುತ್ತಾ ಹೋಗು. ಇಲ್ಲಿ ಕೇಳು, ಟಕ್ ಟಕ್. ಇಲ್ಲಿ ಬಂದ ಕೂಡಲೇ ದಬ್ ಅಂತ ಸತ್ತ ಶಬ್ದ. ಚಾಕ್‌ನಲ್ಲಿ ಗುರುತು ಹಾಕ್ಕೊಂಡು ಹೋಗು. ಶಬ್ದ ನಂಬಲಿಕ್ಕೆ ಕಷ್ಟ ಅಂತಾದರೆ 4 ಎಂ.ಎಂ. ಬಿಟ್ಟು ಹಾಕಿ ಒಳಗಿನಿಂದ ತೂತು ಮಾಡು. ಒಳಗಿನಿಂದ, ನೆನಪಿರಲಿ. ಹೊರಗಿನ ಫೈಬರನ್ನು ಮುಟ್ಟಬಾರದು. ತಗೋ, ನೀನೇ ಡ್ರಿಲ್ ಹಿಡಿ. ಏನು ಬಂತು?

– ಬಿಳಿ ಹುಡಿ.

– ಅದು ಫೈಬರ್. ಮುಂದೆ ಹೋಗು.

– ಈಗ ಕಪ್ಪಗೆ ಏನೋ ಬರ್ತಾ ಉಂಟು. ಹುಡಿ ಅಲ್ಲ, ಮುದ್ದೆ. ಬಿಟ್ಟಿಗೇ ಅಂಟಿಕೊಂಡಿದೆ. ಹಿಂಡಿದರೆ ಕಂದು ನೀರು ಬಿಡ್ತದೆ.

– ಮೂಸಿ ನೋಡು.

– ಅಣಬೆ ವಾಸನೆ.

– ಒಳ್ಳೆಯ ಮರ ಆಗಿದ್ದರೆ ತೆಳು ಬಣ್ಣದ, ಬೆರಳಲ್ಲಿ ಮುರಿಯುವ ಒಣ ಸಿಪ್ಪೆ ಬರ್ತಿತ್ತು. ನಾಲ್ಕು ಬೆರಳಿನ ಅಂತರದಲ್ಲಿ ಹೀಗೇ ತೂತು ಮಾಡ್ತಾ ಒಣ ಸಿಪ್ಪೆ ಸಿಗುವವರೆಗೆ ಹೋಗು, ಅಲ್ಲಿಗೆ ಕೊಳೆತದ್ದರ ಗಡಿ. ಆ ಗಡಿಯಿಂದ ಇನ್ನೂ ಒಂದು ಗೇಣು ಆಚೆ ಕೊಯ್ಯಬೇಕು, ಕಣ್ಣಿಗೆ ಕಾಣುವುದಕ್ಕಿಂತ ಮುಂದಕ್ಕೆ ಬೂಷ್ಟು ಹೋಗಿರ್ತದೆ. ನಿನ್ನದರಲ್ಲಿ ಇಡೀ ಹಲಗೆ ಹೋಗಿದೆ ಅಂತಲೇ ನನಗೆ ಕಾಣುವುದು.

– ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ತೂತು ಮಾಡಿ ತೆಳು ಎಪಾಕ್ಸಿ ಪಿಚಕಾರಿಯಲ್ಲಿ ಬಿಡ್ತಾರೆ, ಕೊಳೆತ ಮರ ಕಲ್ಲಿನ ಹಾಗೆ ಆಗ್ತದಂತೆ.

– ಕಿಟಕಿ ಚೌಕಟ್ಟಿನ ಮೂಲೆಗೆ ಅದು ಆದೀತು, ಅದೂ ಮರ ಒಣಗಿದ್ದರೆ. ಇಲ್ಲಿ ಮರದೊಳಗೆ ನೀರು ಕೂತಿದೆ. ನೀರು ಇರುವ ಜಾಗಕ್ಕೆ ಎಪಾಕ್ಸಿ ಹೋಗುವುದು ಎಲ್ಲಿಂದ? ತೂತಿನ ಸುತ್ತ ಸ್ವಲ್ಪ ಗಟ್ಟಿಯಾಗ್ತದೆ, ನಡುವೆ ಮುದ್ದೆ ಹಾಗೇ ಉಳೀತದೆ. ಇಂಜಿನ್ ಹೊರುವ ಹಲಗೆಗೆ ಅದು ಔಷಧಿ ಅಲ್ಲ, ಸಮಾಧಾನ.

– ಅಂದರೆ ಕೊಯ್ಯಲೇಬೇಕು.

– ಕೊಯ್ಯುವುದೇ ಕೆಲಸ. ಅಂಟಿಸುವುದು ಏನು, ಒಂದೆರಡು ದಿನದ ಮಾತು. ಒಳಗಿನ ಫೈಬರನ್ನು ಸುತ್ತಲೂ ಎರಡು ಮೂರು ಇಂಚು ಅಂಚು ಬಿಟ್ಟು ಗ್ರೈಂಡರಿನಲ್ಲಿ ಕೊಯ್ಯಬೇಕು, ಆಮೇಲೆ ಹೊಸ ಫೈಬರನ್ನು ಆ ಅಂಚಿಗೇ ಬೆಸೆಯುವುದು. ಒಳಗಿನ ಸಿಪ್ಪೆ ಒಂದೇ ತುಂಡಾಗಿ ಬಂದರೆ ಎಸೀಬೇಡ, ಹೊಸ ಹಲಗೆ ಕೊಯ್ಯಲಿಕ್ಕೆ ಅದೇ ಅಚ್ಚು. ಹೊರಗಿನ ಸಿಪ್ಪೆ ಹಾಗೇ ಇರಲಿ, ದೋಣಿಯ ಆಕಾರ ಅದರಲ್ಲಿ ಉಂಟು. ಕೊಳೆತ ಮರ ಕೈಯಲ್ಲೇ ಬರ್ತದೆ. ಕಷ್ಟ ಕೊಡುವುದು ಮೂಲೆಯಲ್ಲಿ ಉಳಿದ ಒಳ್ಳೆಯ ಮರ, ಉಳಿಯಲ್ಲಿ ಕೆತ್ತಿ ಕೆತ್ತಿ ತೆಗೀಬೇಕು. ಆ ಹೊತ್ತಿಗೆ ಎಲ್ಲರಿಗೂ ಸೋಮಾರಿತನ ಬರ್ತದೆ, ಇಷ್ಟು ಇದ್ದರೆ ಏನಾಯ್ತು ಅಂತ ಕಾಣ್ತದೆ. ಮತ್ತೆ ಆ ಧೂಳು ಉಂಟಲ್ಲ, ಗಾಜಿನ ಹುಡಿ ಅದು. ಮೂಗಿಗೆ ಬೈರಾಸು ಕಟ್ಟಿದರೆ ಆಗುವುದಿಲ್ಲ, ಸರಿಯಾದ ಮಾಸ್ಕ್ ಬೇಕು, ಕನ್ನಡಕ ಬೇಕು. ನಮ್ಮ ಕಾಲದಲ್ಲಿ ಯಾರೂ ಹಾಕ್ತಿರಲಿಲ್ಲ, ಅದರ ಫಲ ನಮ್ಮ ಎದೆಯೊಳಗೆ ಉಂಟು.

– ಅಟ್ಟಣೆಯ ಕೆಳಗೂ ನೋಡಬೇಕಾ?

– ಇಂಜಿನ್ ಹಲಗೆ ಕೊಳೆತ ದೋಣಿಯಲ್ಲಿ ಅಟ್ಟಣೆ ಮಾತ್ರ ಗಟ್ಟಿ ಇದ್ದದ್ದು ನಾನು ನೋಡಿದ್ದು ಕಡಿಮೆ. ಹಲಗೆಯ ಬುಡಕ್ಕೆ ಬಂದು ಸೇರುವ ಪಟ್ಟಿಗಳ ತುದಿ ನೋಡು, ನೀರು ಅಲ್ಲಿಂದಲೇ ಮುಂದೆ ಹೋಗುವುದು. ಕೆಲವು ದೋಣಿಗಳಲ್ಲಿ ಅಟ್ಟಣೆ ಕೆಳಗೆ ತೇಲಲಿಕ್ಕೆ ಅಂತ ಫೋಮ್ ತುಂಬಿಸಿರ್ತಾರೆ. ವರ್ಷಗಟ್ಟಲೆ ನೀರಲ್ಲಿ ನೆಂದರೆ ಅದೂ ಕುಡೀತದೆ. ದೋಣಿ ಯಾಕೋ ಭಾರ ಆಗಿದೆ, ದಡಕ್ಕೆ ಎಳೆಯಲಿಕ್ಕೆ ಇಬ್ಬರು ಹೆಚ್ಚು ಬೇಕು ಅಂತಾದರೆ ಅದೇ ಕಾರಣ ಇರಬಹುದು. ಫೋಮ್ ತೆಗೆದ ಜಾಗಕ್ಕೆ ಥರ್ಮಾಕೋಲ್ ಇಟ್ಟು ಮೇಲಿನಿಂದ ಪಾಲಿಯೆಸ್ಟರ್ ರೆಸಿನ್ ಹೊಯ್ಯಬೇಡ. ರೆಸಿನ್ ತಾಗಿದ ಕೂಡಲೇ ಥರ್ಮಾಕೋಲ್ ಕರಗಿ ಹೋಗ್ತದೆ, ನೋಡ್ತಾ ಇದ್ದ ಹಾಗೆ ಗುಂಡಿ ಬೀಳ್ತದೆ. ಎಪಾಕ್ಸಿಗೆ ಕರಗುವುದಿಲ್ಲ.

– ಮಾತಿಗೆ ಮಾತು ಎಪಾಕ್ಸಿ ಬರ್ತಾ ಉಂಟು. ಅದರ ರೇಟ್ ಕೇಳಿದ್ದೀರಾ ಅಣ್ಣ?

– ಕೇಳಿದ್ದೇನೆ, ಪಾಲಿಯೆಸ್ಟರಿನ ಎಷ್ಟೋ ಪಟ್ಟು. ಆದರೂ ಹೇಳ್ತೇನೆ. ಪಾಲಿಯೆಸ್ಟರ್ ಗಾಜಿಗೆ ಚೆನ್ನಾಗಿ ಹಿಡೀತದೆ, ಮರಕ್ಕೆ ಅಷ್ಟಕ್ಕಷ್ಟೇ. ಹಳೆ ದೋಣಿ ಒಡೆದಾಗ ಎಷ್ಟೋ ಕಡೆ ಫೈಬರ್ ಮರವನ್ನು ಬಿಟ್ಟು ಸಿಪ್ಪೆಯಾಗಿ ಎದ್ದಿರ್ತದೆ. ಎಪಾಕ್ಸಿ ಮರಕ್ಕೂ ಹಿಡೀತದೆ, ಹಳೆ ಫೈಬರಿಗೂ ಹಿಡೀತದೆ. ದುಡ್ಡಿದ್ದರೆ ಅದನ್ನೇ ಹಾಕು. ಆದರೆ ಒಮ್ಮೆ ಎಪಾಕ್ಸಿ ಹಾಕಿದ ಮೇಲೆ ಅದರ ಮೇಲೆ ಪಾಲಿಯೆಸ್ಟರ್ ಹೊಡೀಬೇಡ, ಸರಿಯಾಗಿ ಹಿಡಿಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾದಾ ಮ್ಯಾಟನ್ನೂ ಎಪಾಕ್ಸಿಗೆ ತರಬೇಡ. ಆ ಮ್ಯಾಟಿನ ನಾರನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಮ್ಯಾಟ್ ಮೆತ್ತಗಾಗದೆ ಮೂಲೆಯಲ್ಲಿ ಎದ್ದು ನಿಲ್ತದೆ. ಎಪಾಕ್ಸಿಗೆ ನೇಯ್ದ ಬಟ್ಟೆಯೇ ಆಗಬೇಕು.

– ದುಡ್ಡಿಲ್ಲದಿದ್ದರೆ?

– ಪಾಲಿಯೆಸ್ಟರಿನಲ್ಲೂ ಮಾಡಬಹುದು, ಇಲ್ಲಿಯ ನೂರಾರು ದೋಣಿ ಅದರಲ್ಲೇ ಓಡ್ತಾ ಉಂಟು. ಜನರಲ್ ಪರ್ಪಸ್ ಬಿಟ್ಟು ಐಸೋ ರೆಸಿನ್ ತಗೋ, ನೀರಿಗೆ ಹೆಚ್ಚು ತಡೀತದೆ. ಮರಕ್ಕೆ ಮೊದಲ ಕೋಟ್ ತೆಳು ಮಾಡಿ ಕುಡಿಸು. ಮರದ ಮೇಲೆ ಮೊದಲು ಮ್ಯಾಟ್, ಆಮೇಲೆ ರೋವಿಂಗ್ ಅನ್ನುವ ನೇಯ್ದ ನಾರು, ತಿರುಗಾ ಮ್ಯಾಟ್. ರೋವಿಂಗನ್ನೇ ನೇರ ಮರಕ್ಕೆ ಹಾಕಿದರೆ ಅದರ ನೇಯ್ಗೆಯ ಗುಂಡಿಗಳಲ್ಲಿ ಗಾಳಿ ನಿಲ್ತದೆ. ಕ್ಯಾಟಲಿಸ್ಟ್ ಒಂದು ಕಿಲೋ ರೆಸಿನಿಗೆ 10ರಿಂದ 20 ಎಂ.ಎಲ್., ಏಪ್ರಿಲ್ ಬಿಸಿಲಲ್ಲಿ 10 ಸಾಕು. ಇನ್ನೊಂದು ಮಾತು, ಇದನ್ನು ತಮಾಷೆ ಮಾಡ್ಬೇಡ. ರೆಸಿನಿಗೆ ಮೊದಲೇ ಕೋಬಾಲ್ಟ್ ಸೇರಿಸಿರದಿದ್ದರೆ ಅದನ್ನು ಹಾಕಿ ಚೆನ್ನಾಗಿ ಕಲಕಿದ ಮೇಲೆಯೇ ಕ್ಯಾಟಲಿಸ್ಟ್. ಎರಡನ್ನೂ ನೇರ ಒಂದಕ್ಕೊಂದು ಬೆರೆಸಿದರೆ ಬೆಂಕಿ ಏಳ್ತದೆ, ಸಿಡೀತದೆ. ಎರಡಕ್ಕೂ ಒಂದೇ ಅಳತೆ ಮುಚ್ಚಳ ಇಟ್ಟುಕೊಳ್ಳುವವರನ್ನು ಕಂಡರೆ ನನಗೆ ನಡುಕ. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು. ಕೂಡಲೇ ನೀರು ಹೊಯ್ದುಕೊಳ್ತಾ ಆಸ್ಪತ್ರೆಗೆ ಓಡಬೇಕು.

– ಪ್ಲೈವುಡ್ ಯಾವುದು? ಅಂಗಡಿಯಲ್ಲಿ ಎಲ್ಲದಕ್ಕೂ ವಾಟರ್‌ಪ್ರೂಫ್ ಅಂತಲೇ ಹೇಳ್ತಾರೆ.

– ಹೇಳುವುದನ್ನು ಕೇಳ್ಬೇಡ, ಹಲಗೆ ಮೇಲಿನ ಮುದ್ರೆ ಓದು. ಐಎಸ್ 710 ಇರಬೇಕು, ಅದು ಮರೈನ್ ಪ್ಲೈಯ ನಂಬರು. ಐಎಸ್ 303 ಅಂತಿದ್ದರೆ ಅದು ಮನೆ ಕಪಾಟಿನ ಮಾಲು. ಮುದ್ರೆ ನೋಡಿದ ಮೇಲೂ ಅಂಚು ನೋಡು, ಪದರಗಳ ನಡುವೆ ಕಿಂಡಿ ಇದ್ದರೆ ಬೇಡ. ಮರೈನ್ ಪ್ಲೈ ಅಂದ ಮಾತ್ರಕ್ಕೆ ಕೊಳೆಯುವುದೇ ಇಲ್ಲ ಅಂತಲ್ಲ ಮಾರಾಯ. ಅದರ ಅಂಟು ನೀರಿಗೆ ಬಿಡುವುದಿಲ್ಲ, ಅಷ್ಟೇ. ಮರ ಮರವೇ. 18 ಎಂ.ಎಂ. ಎರಡು ಹಲಗೆ ಬೆಸೆದು ಒಂದು ಮಾಡು. ಸುತ್ತಲಿನ ಅಂಚಿಗೆ ರೆಸಿನ್ ಬಳಿ, ಕುಡೀತದೆ, ಮತ್ತೆ ಬಳಿ. ಕುಡಿಯುವುದು ನಿಲ್ಲಿಸುವವರೆಗೆ ಬಳಿಯಬೇಕು.

ಇಲ್ಲಿ ಕೇಳುಗನಾಗಿ ನನ್ನದೂ ಒಂದು ಮಾತು. ದೋಣಿ ರಿಪೇರಿಯ ಬಗ್ಗೆ ಓದಲು ಸಿಗುವುದೆಲ್ಲ ಹೆಚ್ಚಾಗಿ ಚಳಿದೇಶಗಳಲ್ಲಿ ಬರೆದದ್ದು. ಅಲ್ಲಿ ದೋಣಿಯನ್ನು ನೀರಿನಿಂದ ಎತ್ತಿ ಚಳಿಗಾಲವಿಡೀ ಸೂರಿನಡಿ ಇಡುತ್ತಾರೆ, ಬಿಡುವು ಸಿಗುವುದೂ ಆಗಲೇ. ಆ ಲೆಕ್ಕ ಕರಾವಳಿಗೆ ಕೂಡಿಬರುವುದಿಲ್ಲ. ನಮ್ಮಲ್ಲಿ ದೋಣಿಗೆ ಬಿಡುವು ಸಿಗುವ ತಿಂಗಳು ಒಂದು, ಮರ ಒಣಗುವ ತಿಂಗಳು ಇನ್ನೊಂದು. ಹುಡುಗ ಇದನ್ನು ಕೇಳಿಯೇ ಕೇಳುತ್ತಾನೆ ಎಂದು ಕಾಯುತ್ತಿದ್ದೆ.

– ಹಾಗಾದರೆ ಜೂನಿನಲ್ಲಿ ತರಲಾ ಅಣ್ಣ? ಟ್ರಾಲ್‌ಬೋಟಿನವರು ಎಲ್ಲ ರಿಪೇರಿಯನ್ನೂ ಜೂನ್, ಜುಲೈಯ ಮೀನುಗಾರಿಕೆ ನಿಷೇಧದಲ್ಲೇ ಮಾಡಿಸ್ತಾರೆ. 61 ದಿನ ಉಂಟು.

– ಅವರದ್ದು ಬೇರೆ. ವೆಲ್ಡಿಂಗ್, ಇಂಜಿನ್ ಕೆಲಸ, ಪೇಂಟ್. ನೆಂದ ಮರಕ್ಕೆ ಜೂನ್ ಆಗುವುದಿಲ್ಲ. ಮಳೆಗಾಲದ ಗಾಳಿಯಲ್ಲಿ ಸೂರಿನೊಳಗೆ ಇಟ್ಟ ಹಲಗೆಯೂ ನೂರಕ್ಕೆ 20ರ ಹತ್ತಿರ ಪಸೆ ಹಿಡ್ಕೊಂಡಿರ್ತದೆ. ಅಂಥ ಹಲಗೆಯನ್ನು ಫೈಬರಿನೊಳಗೆ ಮುಚ್ಚಿದರೆ ಬೂಷ್ಟಿಗೆ ಸಿಹಿನೀರನ್ನೂ ನಾವೇ ಇಟ್ಟ ಲೆಕ್ಕ. ಮತ್ತೆ ನಿನ್ನದು ನಾಡದೋಣಿ, 10 ಎಚ್‌ಪಿ ಒಳಗಿನ ಇಂಜಿನ್. ನಿಷೇಧ ನಿನಗೆ ಇಲ್ಲ. ಮಳೆಗಾಲದಲ್ಲೇ ನಿನಗೆ ನಾಲ್ಕು ಕಾಸು ಸಿಗುವುದು. ಆಗ ದೋಣಿ ನನ್ನ ಶೆಡ್ಡಿನಲ್ಲಿ ಬಿದ್ದಿದ್ದರೆ ನೀನು ತಿನ್ನುವುದು ಏನು?

– ಫೆಬ್ರವರಿ, ಮಾರ್ಚಿನಲ್ಲೂ ಮೀನಿಗೆ ಹೋಗ್ಲಿಕ್ಕೆ ಉಂಟಲ್ಲ.

– ಉಂಟು. ನಷ್ಟ ಆಗ್ತದೆ, ಇಲ್ಲ ಅಂತ ಹೇಳುವುದಿಲ್ಲ. ಆದರೆ ಅಳಿವೆಯಲ್ಲಿ ಇಂಜಿನ್ ಕಳಚಿ ಬಿದ್ದರೆ ನಷ್ಟ ಬರೀ ದುಡ್ಡಿನದ್ದಲ್ಲ. ಕೊಳೆತದ್ದು ತೆಗೆದ ಮೇಲೆ ಗೂಡನ್ನು ತೆರೆದಿಡಬೇಕು, ಹಗಲು ಗಾಳಿ ಬಿಸಿಲು, ರಾತ್ರಿ ತಾರ್ಪಾಲು. ಒಣಗಿತಾ ಅಂತ ನೋಡ್ಲಿಕ್ಕೆ ಮೀಟರ್ ಬೇಕಂತಿಲ್ಲ. ಸಂಜೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿಬಿಡು. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಬೆವರು ಕಂಡರೆ ಇನ್ನೂ ಒಣಗಲಿಲ್ಲ ಅಂತ.

– ಹಲಗೆ ಕೂರಿಸುವಾಗ?

– ರೆಸಿನಿಗೆ ಕೊಚ್ಚಿದ ನಾರು ಮತ್ತು ಸಿಲಿಕಾ ಹುಡಿ ಹಾಕಿ ದಪ್ಪ ಪೇಸ್ಟ್ ಮಾಡು. ಹೊರಗಿನ ಸಿಪ್ಪೆಯ ಒಳಮೈಗೆ ಧಾರಾಳ ಮೆತ್ತಿ ಹಲಗೆಯನ್ನು ಒತ್ತಿ ಬಿಗಿ. ಸುತ್ತಲಿನ ಅಂಚಿನಿಂದ ಪೇಸ್ಟ್ ಹೊರಗೆ ಉಕ್ಕಬೇಕು. ಎಲ್ಲಿ ಉಕ್ಕಲಿಲ್ಲವೋ ಅಲ್ಲಿ ಒಳಗೆ ಪೊಳ್ಳು. ಹಲಗೆಯಲ್ಲಿ ಅಲ್ಲಲ್ಲಿ ಸಣ್ಣ ತೂತು ಮಾಡಿಟ್ಟರೆ ಗಾಳಿ ಹೊರಗೆ ಹೋಗ್ತದೆ. ಆಮೇಲೆ ಮೂಲೆಗಳಿಗೆ ಅದೇ ಪೇಸ್ಟಿನಲ್ಲಿ ದುಂಡಗೆ ಏಣು ಕೊಡು, ಚಮಚದ ಬೆನ್ನಿನಲ್ಲಿ ಎಳೆದರೆ ಸಾಕು. ಗಾಜಿನ ನಾರು ಕಡು ಮೂಲೆಗೆ ಮಡಚುವುದಿಲ್ಲ, ಅಡಿಯಲ್ಲಿ ಗಾಳಿ ಬಿಟ್ಟು ನಿಲ್ತದೆ. ಹಳೆ ಫೈಬರಿನ ಅಂಚನ್ನು ಇಳಿಜಾರಾಗಿ ಉಜ್ಜು, ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ. 4 ಎಂ.ಎಂ. ದಪ್ಪ ಇದ್ದರೆ ಹತ್ತಿರ ಹತ್ತಿರ 5 ಸೆಂಟಿಮೀಟರ್ ಇಳಿಜಾರು. ಅಷ್ಟು ಕೊಟ್ಟರೆ ಬೆಸುಗೆ ಹಿಡೀತದೆ.

– ಆಮೇಲೆ ತೂತು ಹೊಡೆದು ಇಂಜಿನ್ ಬಿಗಿಯುವುದು.

– ಅಲ್ಲೇ ಎಲ್ಲರೂ ಕೆಡಿಸುವುದು! ಇಷ್ಟೆಲ್ಲ ಮಾಡಿ ಹೊಸ ಹಲಗೆಗೆ ಸೀದಾ ತೂತು ಹೊಡೆದರೆ ತೂತಿನೊಳಗೆ ಬರೀ ಮರ ತೆರೆದುಕೊಳ್ತದೆ. ನೀರಿಗೆ ಹಳೆಯ ಬಾಗಿಲೇ ಮತ್ತೆ ಸಿಕ್ಕಿತಲ್ಲ. 10 ಎಂ.ಎಂ. ಬೋಲ್ಟಿಗೆ 16 ಎಂ.ಎಂ. ತೂತು ಮಾಡು. ಒಂದು ಕಡೆ ಟೇಪ್ ಹಚ್ಚಿ ತೂತನ್ನು ಪೂರ್ತಿ ಎಪಾಕ್ಸಿ ಪೇಸ್ಟಿನಿಂದ ತುಂಬಿಸು. ಗಟ್ಟಿಯಾದ ಮೇಲೆ ಅದರ ನಡುವೆ 10ರ ತೂತು. ಈಗ ಬೋಲ್ಟಿನ ಸುತ್ತ ಎಪಾಕ್ಸಿಯ ಕೊಳವೆ, ಮರ ಎಲ್ಲೂ ಕಾಣುವುದಿಲ್ಲ. ಬೋಲ್ಟಿನ ತಲೆಗೆ ಪಾಲಿಯುರಿಥೇನ್ ಸೀಲೆಂಟ್. ಬಾತ್‌ರೂಮಿಗೆ ಹಾಕುವ ಸಿಲಿಕೋನ್ ಬೇಡ, ಅದು ಕಿತ್ತು ಬರ್ತದೆ, ಆಮೇಲೆ ಆ ಜಾಗಕ್ಕೆ ಬೇರೆ ಏನೂ ಅಂಟುವುದಿಲ್ಲ. ನಾಳೆ ಲೈಟಿನ ಕಂಬಕ್ಕೆ ನಾಲ್ಕು ಸ್ಕ್ರೂ ಹೊಡೀಬೇಕಾದರೂ ಇದೇ ಕ್ರಮ.

– ಒಂದು ಸ್ಕ್ರೂಗೆ ಎರಡು ದಿನದ ಕೆಲಸ ಆಯ್ತಲ್ಲ ಅಣ್ಣ!

– ಹೌದು. ಅದಕ್ಕೇ ಯಾರೂ ಮಾಡುವುದಿಲ್ಲ, ಅದಕ್ಕೇ ನನಗೆ ಕೆಲಸ ಉಂಟು. 2004ರ ಸುನಾಮಿ ನಂತರ ಪೂರ್ವ ಕರಾವಳಿಯಲ್ಲಿ ಅವಸರದಲ್ಲಿ ಸಾವಿರಗಟ್ಟಲೆ ಫೈಬರ್ ದೋಣಿ ಕಟ್ಟಿ ಹಂಚಿದ್ರು. ಆಗ ಎಷ್ಟೋ ದೋಣಿಗಳ ಗುಣಮಟ್ಟದ ಬಗ್ಗೆ ದೂರು ಬಂದಿತ್ತು. ದೋಣಿ ಅವಸರದ ಕೆಲಸ ಅಲ್ಲ.

– ಇಷ್ಟೆಲ್ಲ ಖರ್ಚು ಹಾಕ್ಲಿಕ್ಕೆ ಈ ದೋಣಿ ಯೋಗ್ಯ ಉಂಟಾ? ಸತ್ಯ ಹೇಳಿ.

– ತಳದ ಫೈಬರ್ ಗಟ್ಟಿ ಉಂಟು, ಆಕಾರ ಸರಿ ಉಂಟು, ಪಟ್ಟಿಗಳು ಮುಂಭಾಗದಲ್ಲಿ ಟಕ್ ಅಂತಲೇ ಕೇಳ್ತವೆ. ಇಂಜಿನ್ ಹಲಗೆ, ಹಿಂದಿನ ಅರ್ಧ ಅಟ್ಟಣೆ, ಪಟ್ಟಿಗಳ ಹಿಂತುದಿ, ಇಷ್ಟು ಬದಲಿಸಿದರೆ ಓಡ್ತದೆ. ಪಟ್ಟಿಗಳು ಮುಂದಿನವರೆಗೂ ಕೊಳೆತಿದ್ದರೆ ಬೇಡ ಅಂತಲೇ ಹೇಳ್ತಿದ್ದೆ. ಫೆಬ್ರವರಿ ಮೊದಲ ವಾರ ತಂದು ಶೆಡ್ಡಿಗೆ ಹಾಕು, ಅಲ್ಲಿಯವರೆಗೆ ಇಂಜಿನ್ ಇಳಿಸಿಟ್ಟು ದೋಣಿಯನ್ನು ಮಗುಚಿ ಹಾಕು. ಮೇ ತಿಂಗಳ ಕೊನೆಗೆ ತಂದರೆ ನಾನು ಮುಟ್ಟುವುದಿಲ್ಲ.